ಬಕೆಟ್ ಒಲ್ಲೆ ಎಂದಾಗ

ಕಾಲುವೆಯ ದಂಡೆ ಕುಸಿದು ಮೌಲಾಸಾಬ ಮಣ್ಣಿನಡಿ ಸಿಕ್ಕಿ ಆರು ನಿಮಿಷವಾಗಿತ್ತು. ಅವನನ್ನು ಹೊರತೆಗೆಯಬೇಕಿದ್ದ ಮಣ್ಣು ಅಗೆಯುವ ಯಂತ್ರ ಮೊದಲ ಸಲ ಮಣ್ಣಿಗೆ ತನ್ನ ಹಲ್ಲಿನ ಬಕೆಟ್ ಊರಿದ್ದೇ ನಿಂತುಬಿಟ್ಟಿತ್ತು.

ಯಂತ್ರದ ಒಂದೊಂದು ಭಾಗಕ್ಕೂ ಬಾಯಿ ಬಂದಂದಿನಿಂದ ಮೆಕ್ಯಾನಿಕ್ಕುಗಳು ಪಾನಾಕ್ಕಿಂತ ಮೊದಲು ಹೆಡ್‌ಫೋನ್ ಹಿಡಿಯುತ್ತಿದ್ದರು. ಮೆಕ್ಯಾನಿಕ್ ಗಂಗವ್ವನೂ ಅದನ್ನು ಕಿವಿಗೆ ಹಾಕಿಕೊಂಡು ತಂತಿಗಳನ್ನೆಲ್ಲ ಮೀಟರಿನಲ್ಲಿ ನೋಡಿದಳು. ಎಲ್ಲೂ ತುಂಡಾಗಿರಲಿಲ್ಲ. ಎಂಜಿನ್ನು "ಎತ್ತು" ಎನ್ನುತ್ತಿತ್ತು, ಬಕೆಟ್ಟು "ಒಲ್ಲೆ" ಎನ್ನುತ್ತಿತ್ತು.

"ಬಕೆಟ್ಟಿನ ತಂತಿ ಕತ್ತರಿಸವ್ವಾ, ಅದನ್ನ ಕೇಳದ ನೇರ ಓಡಸೂಣು. ಅಂವ ಸತ್ತು ಹೋಗ್ತಾನ," ಎಂದ ಮೇಸ್ತ್ರಿ ಈರಪಣ್ಣ.

ಗಂಗವ್ವ ಕಟರನ್ನು ತಂತಿಗೆ ಹಿಡಿದಳು. ಆದರೆ ಕೈ ಒತ್ತಲಿಲ್ಲ. ಕೆಟ್ಟ ಬಕೆಟ್ಟು ತೊದಲುತ್ತದೆ, ಇಲ್ಲವೇ ಮೂಕವಾಗುತ್ತದೆ. ಇದರ ದನಿ ಸ್ಪಷ್ಟವಾಗಿತ್ತು.

"ಯಾಕ ಒಲ್ಲೆ?" ಎಂದು ಮೈಕಿನಲ್ಲಿ ಕೇಳಿದಳು. ಅಲ್ಲಿಯವರೆಗೆ ಅದನ್ನು ಯಾರೂ ಕೇಳಿರಲಿಲ್ಲ.

"ಕೆಳಗಿಂದ ಯಾರೋ ನನ್ನ ಹಲ್ಲು ತಟ್ಟಾಕತ್ತಾರ," ಎಂದಿತು ಬಕೆಟ್ಟು. ಗಂಗವ್ವ ಅದನ್ನು ಈರಪಣ್ಣನಿಗೆ ಹೇಳಿದಳು.

"ಅಂವ ಬಿದ್ದದ್ದು ಆ ಕಡೆ," ಎಂದ ಈರಪಣ್ಣ, ದೂರಕ್ಕೆ ಕೈ ತೋರಿಸಿ. ಗಂಗವ್ವ ಕಟರು ಬಿಸುಟು ಬಕೆಟ್ಟಿನ ಮುಂದೆ ಮಂಡಿಯೂರಿ ಎರಡೂ ಕೈಯಿಂದ ಮಣ್ಣು ಬಗೆಯತೊಡಗಿದಳು. ಒಂದು ಗೇಣು ಆಳದಲ್ಲಿ, ಉಕ್ಕಿನ ಹಲ್ಲಿನ ತುದಿಯಲ್ಲಿ, ಬೆರಳುಗಳು ಸಿಕ್ಕವು. ಅವು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡವು.