ಎಡಗಡೆ ಮೀಸೆ

ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಶಿವಕುಮಾರಪ್ಪ ಕನ್ನಡಿ ನೋಡಿ ಕೂಗಿದ ಕೂಗಿಗೆ ಮತ್ತೋಡು ಊರಿನ ತೋಟಗಳಲ್ಲಿ ಬಲಿಯದ ಎಳನೀರೂ ಉದುರಿದವು. ಒಂದಕ್ಕೆ ಎರಡು ಸೇರಿಸುವ ಅಭ್ಯಾಸ ನನಗಿಲ್ಲ. ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಡ್ರೈವರೊಬ್ಬ ಆ ಕೂಗನ್ನೇ ಕಂಡಕ್ಟರನ ವಿಷಲ್ ಅಂದುಕೊಂಡು, ಕಂಡಕ್ಟರನನ್ನು ಬಿಟ್ಟೇ ಬಸ್ಸು ಓಡಿಸಿದ.

ಕೂಗದೆ ಇನ್ನೇನು ಮಾಡಿಯಾನು? ಆ ಮೀಸೆ ಅಂಥಿಂಥದ್ದಲ್ಲ. ಚಿತ್ರದುರ್ಗದ ಕೋಟೆ ಹತ್ತಿ ಈ ಕಡೆ ನೋಡಿದವರಿಗೆ ಮೊದಲು ಶಿವಕುಮಾರಪ್ಪನ ಮೀಸೆ ಕಾಣುತ್ತಿತ್ತು, ಊರು ಆಮೇಲೆ. ಈಗ ನೋಡಿದರೆ ಬಲಗಡೆಯದು ಎಂದಿನಂತೆ ಕಿವಿಯ ಕಡೆಗೆ ಏರಿದೆ. ಎಡಗಡೆಯದು ಮಾತ್ರ, ಬಿಲ್ಲು ಪಾಸಾದ ಮೇಲೆ ಕಂಟ್ರಾಕ್ಟರು ಬಿಟ್ಟುಹೋದ ರಸ್ತೆಯ ಹಾಗೆ, ಮೂಗಿನ ಕೆಳಗೇ ನಿಂತುಬಿಟ್ಟಿದೆ.

"ರೇಣುಕಾ! ಎಡಗಡೆ ಮೀಸೆ ಎಲ್ಲಿ ಹೋತು? ಆಪರೇಷನ್ ಮಾಡೋವಾಗ ಇದನ್ನೂ ತೆಗೆದುಬಿಟ್ರಾ?"

"ಇಲ್ಲ ಮಾವ, ಅದು ಮೂರು ವರ್ಷದಿಂದ ಹಂಗೇ ಐತೆ." ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದಳು.

"ಹೇಳೋಕೆ ನಿನಗೇನಾಗಿತ್ತು?"

"ಮಾವನ ಮೀಸೆ ಸುದ್ದಿ ಸೊಸೆ ಎತ್ತಿದ್ರೆ ಜನ ಏನಂದಾರು?"

ಹಾಲುರಾಮೇಶ್ವರದ ಗುಡಿಗೆ ಹೋಗಾಣ ಅಂತ ಬಸ್ಸು ಹತ್ತಿಸಿ, ಅವನನ್ನು ಕಣ್ಣಿನ ಶಿಬಿರದ ಮುಂದೆ ಇಳಿಸಿದವಳೂ ಇವಳೇ. ಇಲ್ಲವಾದರೆ ಅವನು ಹೋಗುತ್ತಲೇ ಇರಲಿಲ್ಲ. ಊರಿನ ಒಬ್ಬ ಮುದುಕನೂ ಹೋಗಿರಲಿಲ್ಲ. ಕಟಿಂಗ್ ಶಾಪಿನ ಸಣ್ಣಪ್ಪ ಬಂದವರಿಗೆಲ್ಲ ಒಂದೇ ಕಥೆ ಹೇಳುತ್ತಿದ್ದ: "ಅಲ್ಲಿ ಕಣ್ಣು ಕಿತ್ತು ತಟ್ಟೆಗೆ ಹಾಕಿ ತೊಳೀತಾರೆ ಕಣಪ್ಪ. ತಟ್ಟೆ ಅದಲುಬದಲಾದ್ರೆ, ನಿನ್ನ ಹೆಂಡ್ತೀನ ಇನ್ಯಾವನದೋ ಕಣ್ಣಾಗೆ ನೋಡ್ಬೇಕಾಗ್ತದೆ!"

ಶಿವಕುಮಾರಪ್ಪ ಟವಲು ಮುಖಕ್ಕೆ ಸುತ್ತಿಕೊಂಡು ಶಾಪಿಗೆ ನುಗ್ಗಿದ. ಕುರ್ಚಿ ಮುರಿಯುವ ಸಿಟ್ಟಿತ್ತು. ಕುರ್ಚಿಯಲ್ಲಿ ಮುದುಕ ಕೆಂಚಪ್ಪ ಕುಂತಿದ್ದ. ಒಂದು ಕಡೆಯ ಕೆನ್ನೆಗೂದಲು ಇದೆ, ಇನ್ನೊಂದು ಕಡೆಯದಿಲ್ಲ. ಅವನೋ ಕನ್ನಡಿಯ ಪಕ್ಕದಲ್ಲಿ ತೂಗುಹಾಕಿದ್ದ ಬೀಜದ ಕಂಪನಿ ಕ್ಯಾಲೆಂಡರಿನತ್ತ ಮುಖ ಮಾಡಿ, ಅದರೊಳಗಿನ ಚೆಂದದ ಹುಡುಗನನ್ನು ನೋಡುತ್ತ ಗದ್ದ ಸವರಿಕೊಳ್ಳುತ್ತಿದ್ದ.

"ಭೇಷ್ ಸಣ್ಣಪ್ಪ! ಮೂವತ್ತು ವರ್ಷ ಕಮ್ಮಿ ಆತು ನೋಡು."

ಬೆಂಚಿನ ಮೇಲಿದ್ದ ಮುದುಕರೆಲ್ಲ ಹೌದು ಹೌದು ಅಂದರು. ಅವರಲ್ಲಿ ಯಾರ ತಲೆ ನೋಡಿದರೂ ಮೇಕೆ ಮೇಯ್ದು ಅರ್ಧಕ್ಕೆ ಬಿಟ್ಟ ಬೇಲಿಯಂತಿತ್ತು. ಶಿವಕುಮಾರಪ್ಪ ಸಣ್ಣಪ್ಪನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದ. ಬಯ್ಯಲು ಬಾಯಿ ತೆರೆದವನು, ಬಿಸಿಲಿನಲ್ಲಿ ಅವನ ಕಣ್ಣು ನೋಡಿ ಹಾಗೇ ನಿಂತ. ಎರಡೂ ಗುಡ್ಡೆಗಳ ಮೇಲೆ ಹಾಲಿನ ಕೆನೆ ಕಟ್ಟಿದಂತೆ ಪೊರೆ. ಮೂರು ವರ್ಷ ಈ ಕೈಯ ಕತ್ತಿ ತನ್ನ ಗಂಟಲ ಮೇಲೆ ಓಡಾಡಿತ್ತು! ಶಿವಕುಮಾರಪ್ಪ ಗಂಟಲು ಮುಟ್ಟಿ ನೋಡಿಕೊಂಡು ಬಿಟ್ಟ ಉಸಿರಿಗೆ ಹಿರಿಯೂರಿನ ತನಕ ಪಾತ್ರೆಗಳು ಸದ್ದು ಮಾಡಿದವು.

"ಲೇ ಸಣ್ಣಪ್ಪ, ನಿನಗೆ ಕಣ್ಣೇ ಕಾಣಲ್ಲ!"

"ಮೆಲ್ಲಕೆ ಮಾತಾಡ್ರಿ ಯಜಮಾನ್ರೇ, ಕೈ ಮುಗೀತೀನಿ." ಸಣ್ಣಪ್ಪನ ದನಿ ಇಳಿಯಿತು. "ಪೊರೆ ಬಂದೈತೆ ಅಂತ ಗೊತ್ತಾದ್ರೆ ನನ್ನ ಕತ್ತಿ ಕೆಳಗೆ ಯಾರು ಕುತ್ತಿಗೆ ಕೊಡ್ತಾರೆ? ಈ ಮುದುಕರ ಕಣ್ಣು ಸರಿಹೋದ್ರೂ ನನ್ನ ಶಾಪು ಮುಚ್ಚಿದಂಗೇ. ಅದಕ್ಕೇ ಆ ತಟ್ಟೆ ಕಥೆ ಕಟ್ಟಿದ್ದು. ಈ ಕುರ್ಚಿ ಬಿಟ್ರೆ ನನಗೆ ಬೇರೆ ಬದುಕು ಗೊತ್ತಿಲ್ರಿ."

ಶಿವಕುಮಾರಪ್ಪ ಟವಲಿನೊಳಗೇ ಯೋಚಿಸಿದ. "ಸೋಮವಾರ ಶಿಬಿರದ ವ್ಯಾನ್ ಬರ್ತದೆ. ನೀನು ಹತ್ತಿದ್ರೆ, ನನ್ನ ಮೀಸೆ ಕೆಡಿಸಿದೋನ ಹೆಸರು ನನ್ನ ಬಾಯಾಗೆ ಬರಲ್ಲ. ಮಾತು ಅಂದ್ರೆ ಮಾತು. ಹತ್ತಲ್ಲ ಅಂದ್ರೆ ಈಗಲೇ ಬೆಂಚಿನ ಮುಂದೆ ಟವಲ್ ಬಿಚ್ಚಿ ಎಲ್ಲಾ ಹೇಳಿಬಿಡ್ತೀನಿ."

ಸಣ್ಣಪ್ಪ ಹತ್ತಿದ. ಹಿರಿಯೂರಿನ ನೆಂಟರ ಮನೆಗೆ ಹೋಗಿದ್ದಾನೆಂದು ಶಿವಕುಮಾರಪ್ಪನೇ ಸುಳ್ಳು ಹಬ್ಬಿಸಿದ. ಕೆಡಿಸಿದವನೇ ಸರಿಮಾಡಲಿ ಎಂದು ಮೀಸೆಗೆ ಬೇರೆಯವರ ಕತ್ತರಿ ಸೋಕಿಸಲಿಲ್ಲ. ಊಟಕ್ಕೂ ಟವಲು ತೆಗೆಯಲಿಲ್ಲ. ಕಣ್ಣಿಗೆ ಮಾಡಿದ ಆಪರೇಷನ್ ಬಾಯಿಗೆ ಇಳಿದಿದೆ ಅಂತ ಊರೆಲ್ಲ ಮಾತಾಡಿಕೊಂಡಿತು.

ಸಣ್ಣಪ್ಪನಿಗೆ ಒಂದು ಕಣ್ಣಾದ ಮೇಲೆ ಇನ್ನೊಂದು ಕಣ್ಣು, ಆಮೇಲೆ ಡ್ರಾಪ್ಸು, ಕಪ್ಪು ಕನ್ನಡಕ. ಎಲ್ಲ ಮುಗಿದು ಶಾಪು ತೆರೆದ ದಿನ ಜನವೋ ಜನ. ಬೆಂಚು ಸಾಲದೆ ಕೆಂಚಪ್ಪನಂಥವರು ಬಾಗಿಲಲ್ಲೇ ಕುಂತರು. ಶಿವಕುಮಾರಪ್ಪ ಮೊದಲು ಕುರ್ಚಿ ಏರಿ ಟವಲು ಬಿಚ್ಚಿದ. ಸಣ್ಣಪ್ಪ ಕತ್ತರಿ ಆಡಿಸುತ್ತ ಬಗ್ಗಿದ. ಮೂರು ವರ್ಷದ ಮೇಲೆ ಆ ಕುರ್ಚಿಯಲ್ಲಿ ನಿಚ್ಚಳವಾಗಿ ಕಂಡ ಮೊದಲ ಮುಖ. ಕೈ ತಾನಾಗಿ ಹಣೆಗೆ ಹೋಯಿತು.

"ಅಯ್ಯಯ್ಯೋ ಯಜಮಾನ್ರೇ! ನಾನಿಲ್ಲದಾಗ ಯಾವ ಕುರುಡನ ಕೈಗೆ ಮುಖ ಕೊಟ್ಟಿದ್ರಿ?"

ಬಾಗಿಲಲ್ಲಿದ್ದ ಕೆಂಚಪ್ಪ ಗಾಬರಿಯಿಂದ ಎದ್ದ. "ಯಾರ್ರೀ ಅವನು? ಹೆಸರು ಹೇಳ್ರಿ, ನಾವೂ ಹುಷಾರಾಗಿರ್ತೀವಿ."

ಸಣ್ಣಪ್ಪನ ಕತ್ತರಿ ಗಾಳಿಯಲ್ಲೇ ಬಾಯಿ ತೆರೆದು ನಿಂತಿತು.

"ಹೆಸರು ಹೇಳಲ್ಲ ಅಂತ ಮಾತು ಕೊಟ್ಟೀನಪ್ಪ," ಶಿವಕುಮಾರಪ್ಪ ಬಲಗಡೆ ಮೀಸೆ ತಿರುವಿದ. "ಸೋಮವಾರ ನೀನೂ ವ್ಯಾನ್ ಹತ್ತು. ಬಂದೋನೇ ಕ್ಯಾಲೆಂಡರ್ ಬಿಟ್ಟು ಕನ್ನಡಿ ನೋಡ್ಕೋ. ಗೊತ್ತಾಗ್ತದೆ."