ಓದದೆ ಬಿಟ್ಟ ಸಾಲು

“ಸಾರ್, ನೀವು ಹಗ್ಗದಿಂದ ಆಚೆ ನಿಲ್ಲಬೇಕು,” ಎಂದಳು ಓಟದ ಸಂಘಟಕಿ. ಅವಳ ದೃಷ್ಟಿ ಆ ಬಸ್ ಚಾಲಕನ ಮುಖದ ಮೇಲಿರಲಿಲ್ಲ; ಅವನ ಬಲಗೈಯನ್ನು ಹೆಂಡತಿಯ ಎಡಗೈಗೆ ಬಿಗಿದಿದ್ದ ಗೇಣುದ್ದದ ಹುರಿಯ ಮೇಲಿತ್ತು.

“ನಾನು ಓಡೋಕೆ ಬಂದಿಲ್ಲ ಮೇಡಂ. ಇವಳಿಗೆ ಕಣ್ಣು ಕಾಣಲ್ಲ. ಓಡಿಸೋಕೆ ಬಂದಿದೀನಿ.”

“ಆದರೂ ಇದು ಹೆಂಗಸರ ಓಟ ಸಾರ್. ಅರ್ಜಿಯ ಮೊದಲನೇ ಸಾಲಲ್ಲೇ ದಪ್ಪ ಅಕ್ಷರದಲ್ಲಿ ಹಾಕಿದ್ವಲ್ಲ, ಜೊತೆಗೆ ಓಡೋರೂ ಹೆಂಗಸರೇ ಆಗಿರಬೇಕು, ಯಾರೂ ಇಲ್ಲದಿದ್ರೆ ನಾವೇ ಒಬ್ಬರನ್ನ ಕೊಡ್ತೀವಿ ಅಂತ. ಓದಲಿಲ್ವಾ?”

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವನು ಹೆಂಡತಿಯ ಕಡೆ ನೋಡಿದ. ಓದಿದ್ದ. ಹನ್ನೊಂದು ವರ್ಷಗಳಿಂದ ಪತ್ರಿಕೆ, ಔಷಧದ ಚೀಟಿ, ಅವಳ ತಂಗಿಯ ಕಾಗದ ಎಲ್ಲವನ್ನೂ ಓದಿ ಹೇಳುತ್ತಿದ್ದಂತೆ, ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಆ ಅರ್ಜಿಯನ್ನೂ ಗಟ್ಟಿಯಾಗಿಯೇ ಓದಿದ್ದ, ಎರಡನೆಯ ಸಾಲಿನಿಂದ. ಅಲ್ಲಿಗೆ ಹೋಗಿ ಕೈಮುಗಿದು ಕೇಳಿಕೊಂಡರೆ ಯಾರು ತಾನೆ ಬೇಡವೆಂದಾರು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಗುರುತು ಪರಿಚಯವಿಲ್ಲದವರ ಕೈಗೆ ಅವಳ ಕೈಯನ್ನು ಒಪ್ಪಿಸುವ ಯೋಚನೆ ಬಂದರೇ ಸಾಕು, ಅವನ ಎದೆ ಹಾರುತ್ತಿತ್ತು.

“ಮೊದಲನೇ ಸಾಲಾ?” ಎಂದಳು ಹೆಂಡತಿ, ಮೆಲ್ಲಗೆ. ಆಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ ಕುಳಿತು ದಿನವಿಡೀ ಬರಿಯ ದನಿಗಳಿಂದಲೇ ಮನುಷ್ಯರನ್ನು ಅಳೆಯುವವಳು. ಗಂಡನ ಮೌನವೊಂದೇ ಅವಳಿಗೆ ಸಾಕಾಯಿತು. ಈ ಓಟ ನಡೆಯುತ್ತಿದ್ದುದು ಅದೇ ಆಸ್ಪತ್ರೆಯ ಕ್ಯಾನ್ಸರ್ ವಾರ್ಡಿನ ಸಹಾಯಕ್ಕೆ. ಅವಳ ಅಕ್ಕ ಕಣ್ಮುಚ್ಚಿದ್ದು ಆ ವಾರ್ಡಿನಲ್ಲೇ. “ಆ ವಿಷಯ ಆಮೇಲೆ ಮಾತಾಡೋಣ ರೀ. ಈಗ ನಾನು ಓಡಬೇಕು.”

“ಕಾಯಿಲೆ ಹೆಂಗಸು ಗಂಡಸು ಅಂತ ನೋಡುತ್ತಾ ಮೇಡಂ? ಒಳ್ಳೆ ಕೆಲಸಕ್ಕೆ ಯಾಕೆ ಈ ಬೇಲಿ?” ಭಯಕ್ಕೆ ಅವನ ದನಿ ಏರಿತ್ತು.

“ಗಂಡಸರನ್ನ ಸೇರಿಸ್ಕೊಂಡ ವರ್ಷ ಏನಾಯ್ತು ಗೊತ್ತಾ ಸಾರ್? ಓಡಿದೋರು ಯಜಮಾನರು. ಅವರ ಚಪ್ಪಲಿ ಕಾಯ್ದೋರು ನಾವು.”

ಸಾಲಿನಲ್ಲಿ ನಿಂತವರು ಘೊಳ್ಳೆಂದು ನಕ್ಕರು. ಆ ನಗೆಯ ನಡುವಿನಿಂದ ಅಗಲ ಭುಜದ ಹೆಂಗಸೊಬ್ಬಳು ಹೊರಬಂದಳು. “ನಾನು ಕರ್ಕೊಂಡು ಹೋಗ್ತೀನಿ ಬಿಡಮ್ಮ. ಆಸ್ಪತ್ರೆ ಮೈಲಿಗೆ ಬಟ್ಟೆ ಗಾಡಿ ತಳ್ಳಿ ತಳ್ಳಿ ಅಭ್ಯಾಸ ಆಗಿದೆ.”

“ಲಾಂಡ್ರಿಯವರಲ್ವಾ? ಫೋನ್ ಎತ್ತಿದ ತಕ್ಷಣ ಬೈಯೋರು?” ಎಂದಳು ಹೆಂಡತಿ, ದನಿಯ ಗುರುತು ಹಿಡಿದು.

“ಅವಳೇ!”

ಅವಳ ಮುಖ ಅರಳಿತು. ಗಂಟು ಬಿಚ್ಚಲು ಹೋದ ಅವನು ಅದನ್ನು ಇನ್ನಷ್ಟು ಬಿಗಿದ. ಕೊನೆಗೆ ಅವಳೇ ಹಲ್ಲಿನಿಂದ ಕಚ್ಚಿ ಸಡಿಲಿಸಿಕೊಂಡಳು. “ಎಡಕ್ಕಾದ್ರೆ ಒಂದು ಸಲ ಎಳೀಬೇಕು, ಬಲಕ್ಕಾದ್ರೆ ಎರಡು ಸಲ,” ಎಂದು ಅವನು ಲಾಂಡ್ರಿಯವಳಿಗೆ ಒಂದೇ ಉಸಿರಿನಲ್ಲಿ ಹೇಳಿಕೊಟ್ಟ. “ಇಳಿಜಾರು ಬಂದ್ರೆ ‘ನಿಧಾನ’ ಅನ್ನಬೇಕು.”

“ಏರು ಬಂದ್ರೆ?”

“ಆಗಲೂ ‘ನಿಧಾನ’ ಅನ್ನಬೇಕು.”

“ಮಟ್ಟಸವಾಗಿದ್ರೆ?”

“ಆಗಲೂ ಅದೇ ಮಂತ್ರ,” ಎಂದಳು ಹೆಂಡತಿ. “ಡಿಪೋದಲ್ಲಿ ಇವರನ್ನ ‘ಬ್ರೇಕು’ ಅಂತಲೇ ಕರೆಯೋದು.”

ಸೀಟಿ ಊದಿದರು. ಹೆಜ್ಜೆಗಳ ಸದ್ದು ಅಡಗಿದ ಮೇಲೆ ಬೀದಿ, ಮಾತು ಮುಗಿದ ಬಾಯಿಯಂತೆ ಬರಿದಾಯಿತು. ನೀರಿನ ಟ್ಯಾಂಕಿನವರೆಗೆ ಹೋಗಿ ಮರಳಬೇಕು. ದಿನಕ್ಕೆ ಎಂಟು ಸಲ ಆ ದಾರಿಯಲ್ಲಿ ಬಸ್ಸು ನಡೆಸುವ ಅವನಿಗೆ ಅದರ ಒಂದೊಂದು ಗುಂಡಿಯೂ ಅಂಗೈಯ ಗೆರೆಯಷ್ಟು ಪರಿಚಿತ. ಬೇಕರಿಯ ಮುಂದೆ ಸರಿದ ಚಪ್ಪಡಿ; ಶಾಲೆಯ ತಿರುವಿನಲ್ಲಿ ಡಾಂಬರನ್ನು ಸೀಳಿಕೊಂಡು ಎದ್ದ ಮರದ ಬೇರು... ಬೇರು! ಅದನ್ನು ಹೇಳಲೇ ಇಲ್ಲವಲ್ಲ! ಹಗ್ಗ ದಾಟಿ ಎರಡು ಹೆಜ್ಜೆ ಓಡಿದವನನ್ನು ಕಾವಲಿನ ಪೊಲೀಸಿನವಳು ತೋಳು ಹಿಡಿದು ಹಿಂದಕ್ಕೆ ತಂದು ನಿಲ್ಲಿಸಿದಳು. ಅಷ್ಟರಲ್ಲಿ ಆಂಬುಲೆನ್ಸ್ ಒಂದು ಕೂಗುತ್ತ ಶಾಲೆಯ ಕಡೆಗೇ ಹೋಯಿತು.

ಮೊದಲ ಗುಂಪು ಮರಳಿತು. ಕೂಸಿನ ತಳ್ಳುಗಾಡಿಯನ್ನು ದೂಡುತ್ತ ಒಬ್ಬಳು ಬಂದಳು. ಅವಳ ಹಿಂದೆ ಇಬ್ಬರು ದಾಪುಗಾಲು ಹಾಕುತ್ತ ಬರುತ್ತಿದ್ದರು. ಅವರಲ್ಲೊಬ್ಬಳು ತಲೆಯನ್ನು ಹಿಂದಕ್ಕೆ ಚೆಲ್ಲಿ, ಬಾಯ್ತುಂಬ ಗಾಳಿ ಕುಡಿಯುತ್ತ ಓಡುತ್ತಿದ್ದಳು. ಯಾರಿವಳು ಎಂದುಕೊಂಡ. ಯಾವಾಗಲೂ ಪಕ್ಕದಲ್ಲೇ ಇದ್ದವನು ಹೆಂಡತಿ ಓಡುವುದನ್ನು ಎದುರಿನಿಂದ ಎಂದೂ ಕಂಡಿರಲಿಲ್ಲ. ಅವಳ ಮೊಣಕಾಲಿನಿಂದ ರಕ್ತ ಇಳಿದು ಕಾಲುಚೀಲವನ್ನು ತೋಯಿಸಿತ್ತು.

“ಶಾಲೆ ತಿರುವಲ್ಲಿ ಬಿದ್ವಿ,” ಎಂದಳು ಲಾಂಡ್ರಿಯವಳು, ಏದುಸಿರಿನ ನಡುವೆ. “ಮೊದಲು ನಾನು. ನನ್ನ ಮೇಲೆ ಇವರು.”

“ನಿಧಾನ ಅನ್ನಿ ಅಂತ ಬಡ್ಕೊಂಡೆನಲ್ಲ!”

“ಅಂದೆ ಸಾರ್. ಇನ್ನೊಂದು ಸಲ ಆ ಮಾತಾಡಿದ್ರೆ ಲಾಂಡ್ರಿಗೆ ಲೈನೇ ಕೊಡಲ್ಲ ಅಂದ್ರು.”

ಅವನು ಹೆಂಡತಿಯನ್ನು ಮೆಟ್ಟಿಲ ಮೇಲೆ ಕೂರಿಸಿ, ಮಂಡಿಯೂರಿ, ಕರವಸ್ತ್ರವನ್ನು ನೀರಿನಲ್ಲಿ ಅದ್ದಿ ಗಾಯಕ್ಕೆ ಅಂಟಿದ ಮಣ್ಣನ್ನು ಒರೆಸತೊಡಗಿದ. “ಆ ಅರ್ಜಿ...” ಎಂದ. ಅವಳು ಕಾಲನ್ನು ಇನ್ನಷ್ಟು ಮುಂದಕ್ಕೆ ಚಾಚಿದಳಷ್ಟೆ. ಬೇರೇನೂ ತೋಚದೆ ಅವನು ಗಾಯದ ಮೇಲೆ ಬಾಗಿ, ಕೆನ್ನೆಯುಬ್ಬಿಸಿ ಉಸಿರು ತುಂಬಿಕೊಂಡ. ಅವಳ ಅಂಗೈ ತಡವರಿಸದೆ ನೇರವಾಗಿ ಬಂದು ಅವನ ಬಾಯನ್ನು ಮುಚ್ಚಿತು.

“ಉರೀಲಿ ಬಿಡಿ,” ಎಂದಳು. “ಊದಬೇಡಿ.”