ಫೋನ್ ಮಾಡಿದವರು

"ಅವತ್ತು ಪೊಲೀಸರಿಗೆ ಫೋನ್ ಮಾಡಿದ್ದು ನಾನೇ ವಕೀಲರೇ," ಎಂದು ಅಕ್ಕ ಹೇಳಿದಾಗ, ಫೈಲಿನ ಹಾಳೆ ಮಗುಚುತ್ತಿದ್ದ ವಕೀಲರ ಕೈ ಅಲ್ಲೇ ನಿಂತಿತು. ಕೋರ್ಟಿನ ಹಜಾರದ ಬೆಂಚಿನಲ್ಲಿ ಪಕ್ಕದಲ್ಲೇ ಕೂತಿದ್ದ ತಮ್ಮ ತಲೆ ಎತ್ತಿದ.

ಮರಗೆಲಸ ಮಾಡುವ ಅವನು ಕುಡಿದು ವ್ಯಾನ್ ಓಡಿಸಿ ಸಿಕ್ಕಿಬಿದ್ದದ್ದು ಇದು ಮೂರನೆಯ ಸಲ. ಈ ಸಲ ಜೈಲು ತಪ್ಪುವುದು ಕಷ್ಟವಿತ್ತು. ಹೆಸರು ಹೇಳದೆ ಫೋನ್ ಮಾಡಿದವರು ಯಾರೋ ಆಗದವರು, ಬೇಕೆಂದೇ ಸಿಕ್ಕಿಸಿದ್ದಾರೆ ಎಂದು ವಾದಿಸಲು ವಕೀಲರು ಸಜ್ಜಾಗಿದ್ದರು. ತಮ್ಮನಂತೂ ಆ 'ಯಾರೋ'ಗೆ ದಿನವೂ ಹಿಡಿಶಾಪ ಹಾಕುತ್ತಿದ್ದ.

"ಕುಡಿದು ವ್ಯಾನ್ ಹತ್ತೋಕೆ ಹೋದಾಗ ಅಡ್ಡ ನಿಂತೆ, ನನ್ನ ತಳ್ಳಿ ಹೊರಟ," ಎಂದಳು ಅಕ್ಕ. "ಶಾಲೆ ಬಿಡೋ ಹೊತ್ತು. ಇವನು ಜೈಲಿಗೆ ಹೋದ್ರೆ ಹೋಗಿ ನೋಡ್ಕೊಂಡಾದ್ರೂ ಬರ್ತೀನಿ. ಯಾರದೋ ಮಗುವಿನ ಜೀವ ಹೋಗಿದ್ರೆ ಯಾವ ಮುಖ ಇಟ್ಕೊಂಡು ಬದುಕೋದು?"

ತಮ್ಮ ಅವಳ ಮುಖ ನೋಡಿದ. "ಇಷ್ಟು ದಿನ ನಾನು ಶಾಪ ಹಾಕಿದ್ದು ನಿನಗಾ ಅಕ್ಕ?"

"ಹಾಕ್ಕೋ ಅಂತ ಸುಮ್ಮನಿದ್ದೆ. ಬದುಕಿದ್ದವನು ತಾನೇ ಬಯ್ಯೋದು."

ಉಳಿಯ ಗಾಯಗಳಿದ್ದ ತನ್ನ ಒರಟು ಅಂಗೈಗಳಲ್ಲಿ ಅವನು ಅವಳ ಕೈಯನ್ನು ಮುಚ್ಚಿಟ್ಟುಕೊಂಡ. "ಅಮ್ಮ ಹೋದಮೇಲೆ ನನ್ನ ಕಾದವಳು ನೀನು," ಎಂದ. "ಅವತ್ತೂ ನೀನೇ ಕಾದೆ."

ನಂತರ ವಕೀಲರ ಕಡೆ ತಿರುಗಿದ. "ಆ ವಾದ ಬೇಡ ಸರ್. ತಪ್ಪು ಒಪ್ಕೋತೀನಿ, ಲೈಸೆನ್ಸ್ ಹೋಗ್ಲಿ. ಕುಡಿತ ಬಿಡಿಸೋ ಕಡೆ ಕಳಿಸ್ತಾರಾ, ಅದೊಂದು ಕೇಳಿ."

ವಕೀಲರು ಫೈಲು ಮುಚ್ಚಿದರು. "ಅದನ್ನ ಮನಸಾರೆ ಕೇಳ್ತೀನಪ್ಪಾ."

ಒಳಗಿನಿಂದ ಅವನ ಹೆಸರು ಕೂಗಿದರು. ಅವನು ಎದ್ದ, ಆದರೆ ಅಕ್ಕನ ಕೈ ಬಿಡಲಿಲ್ಲ.

"ಇವಳೂ ಒಳಗೆ ಬರಬಹುದಾ ಸರ್?"